ವಿಧವೆಯ ಛಲ, ಸುಂಕದವನ ದೀನತೆ

ಸಂತ ಲೂಕರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಎರಡು ಸಾಮತಿಗಳನ್ನು ಒಂದರ ಬೆನ್ನಿಗೆ ಒಂದಾಗಿ ಹೇಳುತ್ತಾರೆ. ಮೊದಲನೆಯದರಲ್ಲಿ ವಿಧವೆಯೊಬ್ಬಳು ನ್ಯಾಯಕ್ಕಾಗಿ ಅಧರ್ಮಿ ನ್ಯಾಯಾಧೀಶನ ಬಳಿಗೆ ಮತ್ತೆ ಮತ್ತೆ ಹೋಗುತ್ತಾಳೆ. ಎರಡನೆಯದರಲ್ಲಿ ಸುಂಕದವನು ದೂರದಲ್ಲಿ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ದೇವರ ದಯೆಯನ್ನು ಬೇಡುತ್ತಾನೆ. ನಾವು ಇವನ್ನು ಬೇರೆ ಬೇರೆ ಭಾನುವಾರಗಳಲ್ಲಿ ಆಲಿಸುತ್ತೇವೆ. ಬದುಕಿನಲ್ಲಿ ಮಾತ್ರ ಬೇರ್ಪಡಿಸಲಾಗದು.

ದಲಿತ ಕ್ರೈಸ್ತರ ಹೋರಾಟವನ್ನೇ ನೋಡೋಣ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯಿಂದ ಅವರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಮಾನ್ಯತೆ ವಿಸ್ತರಿಸಿತು; ಕ್ರೈಸ್ತರಿಗೆ ವಿಸ್ತರಿಸಲಿಲ್ಲ. 2004ರಲ್ಲಿ ವಿಷಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇಷ್ಟು ದೀರ್ಘಕಾಲ ಬೇಡಿಕೆಯನ್ನು ಕೈಬಿಡದವರನ್ನು ಹಟಮಾರಿಗಳೆಂದು ಜರೆಯುವುದು ಸಲ್ಲದು. ಇದು ವಿಧವೆಯ ಛಲ.

ಆದರೆ ನ್ಯಾಯದ ಬಾಗಿಲು ತಟ್ಟುವ ಸಮುದಾಯದೊಳಗೇ ಜಾತಿ ಉಳಿದಿದ್ದರೆ? 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಆಚರಣೆ ಇದೆಯೆಂದು ಒಪ್ಪಿಕೊಂಡಿತು. ಅದು ಸುಂಕದವನ ಪ್ರಾರ್ಥನೆ. ಅದು ಕುಟುಂಬಗಳಲ್ಲಿ ಮುಂದುವರಿಯಬೇಕು. ಮಕ್ಕಳಿಗೆ ಸಂಬಂಧ ನೋಡುವಾಗ, ಸತ್ತವರಿಗೆ ಸಮಾಧಿಯ ನೆಲ ಗುರುತಿಸುವಾಗ ಜಾತಿಯನ್ನು ವಿಚಾರಿಸಿ, ಸಂಜೆಯ ಜಪಸರದಲ್ಲಿ ನ್ಯಾಯಕ್ಕಾಗಿ ಬೇಡಿದರೆ ಅದು ಫರಿಸಾಯನ ಪ್ರಾರ್ಥನೆಯೇ ಆದೀತು.

ದೀನತೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ, ದೇವರ ಮುಂದೆ ಸತ್ಯವನ್ನು ಒಪ್ಪುವುದು. ನ್ಯಾಯ ಕೇಳುವುದನ್ನು ನಿಲ್ಲಿಸದಿರೋಣ. ಕೇಳುವ ಮುನ್ನ ನಮ್ಮ ಮನೆಯ ಹೊಸ್ತಿಲನ್ನೊಮ್ಮೆ ನೋಡಿಕೊಳ್ಳೋಣ.