ಮಗುವಿನ ಕೈಗೆ ಕಡಲೆಕಾಯಿ ಕೊಡಿ, ಬಾಯಿಗೆ ಕನ್ನಡ ತಾನಾಗಿ ಬರುತ್ತದೆ



ನಿಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆಯೇ? ಹಾಗಿದ್ದರೆ ಇವತ್ತೇ ಒಂದು ಪ್ರಶ್ನೆ ಕೇಳಿ ನೋಡಿ. ಕಡಲೆಕಾಯಿ ಎಲ್ಲಿ ಬಿಡುತ್ತದೆ? ಅಂಗಡಿಯಲ್ಲಿ ಎನ್ನುತ್ತದೆ ಮಗು. ಬತ್ತಾಸು ಎಂದರೆ ಏನು? ಕಣ್ಣು ಕಣ್ಣು ಬಿಡುತ್ತದೆ. ಬುಗುರಿ? ಪೀಪಿ? ಬನ್ನಿ ಎಲೆ? ಒಂದಕ್ಕೂ ಉತ್ತರವಿಲ್ಲ.

ಮಗುವನ್ನು ಬೈಯಬೇಡಿ. ತಪ್ಪು ಅದರದ್ದಲ್ಲ. ನಾವು ಅದನ್ನು ಕರೆದುಕೊಂಡು ಹೋಗುವ ಜಾಗಗಳಲ್ಲಿ ಈ ವಸ್ತುಗಳೇ ಇಲ್ಲ. ವಸ್ತುವೇ ಇಲ್ಲದ ಕಡೆ ಅದರ ಹೆಸರು ಎಲ್ಲಿಂದ ಬರಬೇಕು?

ನಮ್ಮ ವಾರದ ರಜೆ ಹೇಗೆ ಕಳೆಯುತ್ತಿದೆ ನೋಡಿ. ಶನಿವಾರ ಮಾಲು, ಭಾನುವಾರ ಇನ್ನೊಂದು ಮಾಲು. ಗಂಟೆಗಿಷ್ಟು ಎಂದು ದುಡ್ಡು ಕಟ್ಟಿ ಬಣ್ಣದ ಚೆಂಡುಗಳ ನಡುವೆ ಮಗುವನ್ನು ಇಳಿಸುತ್ತೇವೆ. ಅದು ಒಳಗೆ ಕುಣಿಯುತ್ತದೆ, ನಾವು ಹೊರಗೆ ಕೂತು ಮೊಬೈಲು ನೋಡುತ್ತೇವೆ. ಅಲ್ಲಿ ಮಳೆಗಾಲವೂ ಒಂದೇ, ಚಳಿಗಾಲವೂ ಒಂದೇ. ಮಗುವಿನ ಕಿವಿಗೆ ಕನ್ನಡದ ಒಂದು ಪದವೂ ಬೀಳುವುದಿಲ್ಲ. ಅಮ್ಮ ಕೂಡ ಅಲ್ಲಿ ಹೋದ ಕೂಡಲೇ ಮಗುವಿನ ಜೊತೆ ಇಂಗ್ಲಿಷಿಗೆ ಹೊರಳುತ್ತಾಳೆ! ಆಮೇಲೆ ಮನೆಗೆ ಬಂದು, 'ನಮ್ಮ ಮಗುವಿಗೆ ಕನ್ನಡ ಅಷ್ಟು ಬರಲ್ಲ' ಎನ್ನುತ್ತೇವೆ. ಕೆಲವರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ನಾಚಿಕೆಯಾಗಬೇಕು.

ಈಗ ನಮಗೊಂದು ಅವಕಾಶವಿದೆ. ಆಶ್ವಯುಜ, ಕಾರ್ತಿಕ ಎರಡು ತಿಂಗಳು ಶರದೃತು. ಮಳೆ ತಗ್ಗಿ, ಬಿಸಿಲು ಹಿತವಾಗಿ, ಹೊಲಗದ್ದೆ ಹಸಿರು ತುಂಬಿ ನಿಲ್ಲುವ ಕಾಲ. ನವರಾತ್ರಿ, ಹುಣ್ಣಿಮೆ, ದೀಪಾವಳಿ, ರಾಜ್ಯೋತ್ಸವ, ಕಡಲೆಕಾಯಿ ಪರಿಷೆ ಎಂದು ಸಾಲಾಗಿ ಹಬ್ಬಗಳು ಬರುತ್ತವೆ. ಎಂಟು ಹತ್ತು ಭಾನುವಾರಗಳು ಸಿಗುತ್ತವೆ. ಇವನ್ನು ಮಗುವಿಗೆ ಕೊಡಿ. ಪುಸ್ತಕ ಬೇಡ, ಟ್ಯೂಷನ್ ಬೇಡ. ಕೈ ಹಿಡಿದು ಕರೆದುಕೊಂಡು ಹೋದರೆ ಸಾಕು.

ಬೊಂಬೆ ಮನೆಯಿಂದ ಶುರು ಮಾಡಿ

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಮೇಲುಗಡೆ ಪಟ್ಟದ ಗೊಂಬೆಗಳನ್ನು ಇಡುತ್ತಾರೆ. ರಾಜ ರಾಣಿಯರ ಆ ಮರದ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತೌರಿನವರು ಕೊಡುವ ವಾಡಿಕೆ. ಕೆಳಗಿನ ಸಾಲುಗಳಲ್ಲಿ ಶೆಟ್ಟಿ ಅಂಗಡಿ, ಮದುವೆ ದಿಬ್ಬಣ, ಮೊಳಕೆ ಬಂದ ರಾಗಿಯ ಪುಟ್ಟ ಹೊಲ, ಹೀಗೆ ಒಂದು ಊರೇ ಇರುತ್ತದೆ. ಸಂಜೆ ಕೇರಿಯ ಮಕ್ಕಳು ಮನೆ ಮನೆಗೆ ಹೋಗಿ ಬೊಂಬೆ ನೋಡಿ, ಬೊಂಬೆ ಬಾಗಿನ ಎಂದು ಚಕ್ಕುಲಿ, ಕೊಬ್ಬರಿ ಮಿಠಾಯಿ ಈಸಿಕೊಳ್ಳುತ್ತಿದ್ದರು.

ಇದಕ್ಕೆ ದೊಡ್ಡ ಮನೆ ಬೇಕಿಲ್ಲ. ಬಾಡಿಗೆ ಮನೆಯ ಹಜಾರದಲ್ಲಿ ಮೂರು ಮೆಟ್ಟಿಲು ಸಾಕು. ಎರಡು ಟ್ರಂಕು, ಒಂದು ಸ್ಟೂಲು, ಮೇಲೆ ಒಂದು ಬಿಳಿ ಪಂಚೆ. ಮಗುವಿನ ಬಳಿ ಇರುವ ಆಟದ ಸಾಮಾನನ್ನೇ ಜೋಡಿಸಿ. ಅದರ ಕಾರು, ಬಸ್ಸು, ಕರಡಿ ಎಲ್ಲಕ್ಕೂ ಜಾಗವಿದೆ. ಅಕ್ಕಪಕ್ಕದ ಮಕ್ಕಳನ್ನು ಕರೆಯಿರಿ. ಅವರ ಮನೆಮಾತು ತಮಿಳೋ ಹಿಂದಿಯೋ ಬಂಗಾಳಿಯೋ, ಕೇಳಬೇಡಿ, ಕರೆಯಿರಿ. ಕೈಗೆ ಚಕ್ಕುಲಿ ಕೊಟ್ಟು 'ಇದು ಚಕ್ಕುಲಿ' ಎನ್ನಿ. ಮಾರನೆಯ ದಿನ ಆ ಮಗು ನಿಮ್ಮ ಬಾಗಿಲಿಗೆ ಬಂದು ಕನ್ನಡದಲ್ಲೇ ಚಕ್ಕುಲಿ ಕೇಳುತ್ತದೆ. ಕನ್ನಡ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಎಲ್ಲಿದೆ?

ಹಳೇ ರಸ್ತೆ ಹಿಡಿಯಿರಿ

ದಸರೆ ಎಂದ ಮೇಲೆ ಮೈಸೂರಿಗೆ ಹೊರಡುತ್ತೀರಿ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆ. ಬೇಗ ಹೋಗುತ್ತೀರಿ, ನಿಜ. ಆದರೆ ಹಳೇ ರಸ್ತೆಯ ಬದಿಯಲ್ಲಿ ಬೊಂಬೆ ಮಾರುತ್ತಿದ್ದ ಅಂಗಡಿಗಳ ವ್ಯಾಪಾರ ಬಿದ್ದುಹೋಯಿತು. ಬಸ್ಸು ಕಾರು ನಿಲ್ಲದ ಕಡೆ ಬೊಂಬೆ ಯಾರು ಕೊಳ್ಳುತ್ತಾರೆ?

ಚಿಕ್ಕ ಮಕ್ಕಳಿದ್ದವರಿಗೆ ಅವಸರವೇನು? ಚನ್ನಪಟ್ಟಣಕ್ಕೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಮೈಸೂರು ದಾರಿಯ ರೈಲೂ ಅಲ್ಲಿ ನಿಲ್ಲುತ್ತದೆ. ಇಳಿಯಿರಿ. ಚರಕಿಯ ಮೇಲೆ ಮರದ ತುಂಡು ತಿರುಗುತ್ತಿರುತ್ತದೆ. ಆಲೆ ಮರದ ಹಗುರವಾದ ಬಿಳಿ ಕಟ್ಟಿಗೆ. ಕುಶಲಕರ್ಮಿ ಉಳಿ ಹಿಡಿದರೆ ನೋಡುತ್ತಾ ಇದ್ದಂತೆ ಅದು ಬುಗುರಿಯಾಗುತ್ತದೆ. ತಿರುಗುವ ಬುಗುರಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಕಾವಿಗೆ ಅರಗು ಕರಗಿ ಹಿಡಿಯುತ್ತದೆ. ಒಣ ತಾಳೆಗರಿ ಒತ್ತಿ ಉಜ್ಜಿದರೆ ಹೊಳಪು ಬರುತ್ತದೆ. ಐದು ನಿಮಿಷದ ಕೆಲಸ. ಆದರೆ ಮಗು ಬಾಯಿ ತೆರೆದು ನಿಂತುಬಿಡುತ್ತದೆ. ಆಟಿಕೆ ಪೆಟ್ಟಿಗೆಯೊಳಗಿಂದ ಹುಟ್ಟುವುದಿಲ್ಲ, ಮನುಷ್ಯರ ಕೈಯಿಂದ ಹುಟ್ಟುತ್ತದೆ ಎಂದು ಅದಕ್ಕೆ ಗೊತ್ತಾಗುವುದು ಅಲ್ಲೇ.

ಇನ್ನೂ ಒಂದು ಮಾತು. ಈ ಕಸುಬು ಹಿಡಿದವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಅವರ ಕೈಯ ಬೊಂಬೆ ನಮ್ಮ ನವರಾತ್ರಿಯ ಮೆಟ್ಟಿಲ ಮೇಲೆ ಕೂರುತ್ತದೆ. ನಾಡು ಎಂದರೆ ಏನು ಎಂದು ಮಗುವಿಗೆ ಭಾಷಣದಲ್ಲಿ ಹೇಳಬೇಡಿ. ಇದನ್ನು ತೋರಿಸಿ.

ಜಂಬೂಸವಾರಿಗೇ ಹೋಗಬೇಕೆಂದಿಲ್ಲ

ಮೈಸೂರಿಗೆ ಹೋಗಿ, ಆದರೆ ಲೆಕ್ಕ ಹಾಕಿ ಹೋಗಿ. ವಿಜಯದಶಮಿಯ ದಿನ ಮೂರು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುವುದು ಮಗುವಿಗೆ ಶಿಕ್ಷೆ, ನಿಮಗೂ ಶಿಕ್ಷೆ. ಕೊನೆಗೆ ಅದು ನೋಡುವುದು ಮುಂದೆ ನಿಂತವರ ಬೆನ್ನು.

ಆನೆಗಳು ದಸರೆಗೆ ವಾರಗಟ್ಟಲೆ ಮೊದಲೇ ಕಾಡಿನ ಶಿಬಿರಗಳಿಂದ ಬಂದಿರುತ್ತವೆ. ಅರಮನೆಯಿಂದ ಬನ್ನಿಮಂಟಪದವರೆಗೆ ಅವುಗಳ ತಾಲೀಮು ನಡೆಯುತ್ತದೆ. ಮರಳು ಮೂಟೆ ಹೊತ್ತು, ಆಮೇಲೆ ಮರದ ಅಂಬಾರಿ ಹೊತ್ತು ನಡೆಯುತ್ತವೆ. ಇದನ್ನು ರಸ್ತೆ ಬದಿಯಲ್ಲಿ ನಿಂತು ನೋಡಬಹುದು. ಟಿಕೆಟ್ಟಿಲ್ಲ, ಪಾಸಿಲ್ಲ. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ ಎಂದು ಮಗುವಿಗೆ ಹೇಳಿ. 2020ರಿಂದ ಅದನ್ನು ಹೊತ್ತ ಆನೆಯ ಹೆಸರು ಅಭಿಮನ್ಯು ಎಂದು ಹೇಳಿ. ಮಾವುತ ಯಾರು, ಕಾವಾಡಿ ಯಾರು ತೋರಿಸಿ. ಅವರ ಮಕ್ಕಳೂ ಕಾಡಿನಿಂದ ಬಂದು ಅರಮನೆ ಆವರಣದಲ್ಲಿ ಉಳಿಯುತ್ತಾರೆ, ಅವರಿಗಾಗಿ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ ಎಂದೂ ಹೇಳಿ. ಆದರೆ ಫೋಟೋ ಹುಚ್ಚಿಗೆ ಆನೆಯ ಹತ್ತಿರ ಮಗುವನ್ನು ನೂಕಬೇಡಿ. ದೂರದಿಂದ ನೋಡಿದರೂ ಆನೆ ಆನೆಯೇ!

ನವರಾತ್ರಿಯಲ್ಲಿ ಹೋಗಲು ಆಗದಿದ್ದರೆ ಚಿಂತೆಯಿಲ್ಲ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ದಸರೆ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ. ಅರಮನೆಯ ದೀಪಗಳು ಸುಮಾರು ಒಂದು ಲಕ್ಷ. ಅವನ್ನು ಭಾನುವಾರ, ಸರ್ಕಾರಿ ರಜೆಗಳ ಸಂಜೆಯೂ ಸ್ವಲ್ಪ ಹೊತ್ತು ಹೊತ್ತಿಸುತ್ತಾರೆ. ಜನಜಂಗುಳಿ ಇಲ್ಲದ ಒಂದು ಭಾನುವಾರ ಹೋಗಿ ಬನ್ನಿ.

ಊರು ಇದ್ದವರು ಊರಿಗೆ ಹೋಗಿ

ಬೆಂಗಳೂರಿನಲ್ಲಿ ದುಡಿಯುವ ನಿಮ್ಮಲ್ಲಿ ಎಷ್ಟೋ ಜನ ಹಾವೇರಿಯವರು, ಗದಗಿನವರು, ಸಾಗರದವರು. ದಸರೆ ಮುಗಿದ ಕೆಲವೇ ದಿನಕ್ಕೆ ಹುಣ್ಣಿಮೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅದು ಸೀಗಿ ಹುಣ್ಣಿಮೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುತ್ತಾರೆ. ಮಲೆನಾಡಿನಲ್ಲಿ ಅದೇ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿ ಎಂದು ಭಾವಿಸಿ ಬಯಕೆ ಊಟ ಬಡಿಸುತ್ತಾರೆ. ದೀವರ ಮನೆಯ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಆ ಅಡುಗೆ ಹೊತ್ತೊಯ್ಯುತ್ತಾರೆ. ನೆಲವನ್ನು ತಾಯಿ ಎಂದು ಪಾಠದಲ್ಲಿ ಓದುವ ಮಗು, ನೆಲಕ್ಕೆ ಊಟ ಹಾಕುವುದನ್ನು ಒಮ್ಮೆ ಕಣ್ಣಾರೆ ನೋಡಲಿ.

ವಿಜಯದಶಮಿಯ ಸಂಜೆ ನಿಮ್ಮ ಕಡೆ ಬನ್ನಿ ಎಲೆ ಹಂಚುತ್ತಾರೆ. ಮಗು ಅಜ್ಜ ಅಜ್ಜಿಯ ಕೈಗೆ ಎಲೆ ಕೊಟ್ಟು ಕಾಲಿಗೆ ನಮಸ್ಕರಿಸಲಿ. ಎಲೆಗೆ ಬಂಗಾರದ ಬೆಲೆ ಬರುವುದು ಯಾಕೆ ಎಂದು ಅಜ್ಜಿಯೇ ಹೇಳುತ್ತಾಳೆ. ಅದನ್ನು ನಿಮ್ಮ ಮೊಬೈಲು ಹೇಳುವುದಿಲ್ಲ.

ಪರಿಷೆ ತಪ್ಪಿಸಬೇಡಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ ಇವೆಲ್ಲ ಹೊಲಗಳಾಗಿದ್ದ ಕಾಲದಲ್ಲಿ ಬಸವ ಬಂದು ಕಡಲೆಕಾಯಿ ಬೆಳೆ ಮೇಯುತ್ತಿದ್ದನಂತೆ. ರೈತರು ಮೊದಲ ಬೆಳೆಯನ್ನು ಅವನಿಗೇ ಕೊಡುತ್ತೇವೆಂದು ಹರಕೆ ಹೊತ್ತರು ಎಂದು ಕಥೆ. ಕೆಂಪೇಗೌಡರ ಹೆಸರಿನೊಂದಿಗೆ ಸೇರಿದ ಆ ಗುಡಿಯಲ್ಲಿ ಸುಮಾರು 15 ಅಡಿ ಎತ್ತರದ ಕಲ್ಲಿನ ಬಸವ ಇವತ್ತಿಗೂ ಕೂತಿದ್ದಾನೆ. ಹೊಲಗಳು ಹೋದವು, ಹಳ್ಳಿಗಳು ಬಸ್ ಸ್ಟಾಪಿನ ಹೆಸರುಗಳಾದವು, ಪರಿಷೆ ಮಾತ್ರ ಉಳಿದಿದೆ. ನಿಮ್ಮ ಬಡಾವಣೆ ಯಾವ ಹೊಲದ ಮೇಲೆ ನಿಂತಿದೆ ಎಂದು ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಕಡಲೆಕಾಯಿ ದೂರದ ದಕ್ಷಿಣ ಅಮೆರಿಕದ ಬೆಳೆ. ನಮ್ಮ ನೆಲಕ್ಕೆ ಬಂದು ಮೂರು ಹೆಸರು ಪಡೆಯಿತು. ಇಲ್ಲಿ ಕಡಲೆಕಾಯಿ, ಧಾರವಾಡದ ಕಡೆ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಗಿಡದ ಹೂವು ಮೇಲೆ ಬಿಡುತ್ತದೆ, ಕಾಯಿ ಮಣ್ಣಿನೊಳಗೆ ಕಟ್ಟುತ್ತದೆ. ಬೇರು ಸಮೇತ ಗಿಡ ಸಿಕ್ಕರೆ ಮಗುವಿನ ಕೈಗೇ ಕೊಡಿ. ಒಂದು ಸೇರು ಹಸಿಕಾಯಿ ಕೊಂಡು, ಸೇರು ಎಂದರೆ ಎಷ್ಟು ತೋರಿಸಿ. ಕಡಲೆಪುರಿ, ಬೆಂಡು, ಬತ್ತಾಸು ಕೊಡಿಸಿ. ರಂಕಲರಾಟೆ ನೋಡಲಿ. ಪೀಪಿ ಊದಿ ಕಿವಿ ಕಿತ್ತುಹೋಗಲಿ, ಒಂದು ದಿನ ಸಹಿಸಿಕೊಳ್ಳಿ!

'ಧೂಳು, ನೂಕುನುಗ್ಗಲು, ಮಗು ಕಳೆದುಹೋದರೆ?' ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸಂಜೆ ಹೋಗಬೇಡಿ, ಬೆಳಿಗ್ಗೆ ಎಂಟಕ್ಕೆ ಹೋಗಿ. ಸೋಮವಾರವೇ ಬೇಡ. ಈಚಿನ ವರ್ಷಗಳಲ್ಲಿ ವ್ಯಾಪಾರ ಅದಕ್ಕೆ ಮೊದಲೇ ಶುರುವಾಗಿರುತ್ತದೆ, ಹಿಂದಿನ ಶನಿವಾರವೋ ಭಾನುವಾರವೋ ಹೋಗಬಹುದು. ಕಾರು ಮನೆಯಲ್ಲಿರಲಿ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ನಡೆದುಕೊಂಡು ಹೋಗಿ. ಕಾಯಿಸಿದ ನೀರು, ಬಟ್ಟೆ ಚೀಲ ಜೊತೆಗಿರಲಿ. ಫೋನ್ ನಂಬರು ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಮುಗಿಯಿತು, ಇಷ್ಟಕ್ಕೆ ಯಾಕೆ ಹೆದರಿಕೆ?

ನಮ್ಮವರಿಗೂ ಒಂದು ಮಾತು

ಬೇರೆಯವರಿಗೆ ಬುದ್ಧಿ ಹೇಳಿದ ಮೇಲೆ ನಮ್ಮ ಸಂಘಗಳಿಗೂ ಹೇಳಬೇಕು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂತು. ಆ ದಿನವನ್ನು ಬೀದಿ ಬೀದಿಯಲ್ಲಿ ಆಚರಿಸುತ್ತೇವೆ, ಸಂತೋಷ. ಆದರೆ ಎಷ್ಟೋ ಕಡೆ ಕಾರ್ಯಕ್ರಮ ಶುರುವಾಗುವುದು ಚಿಕ್ಕ ಮಕ್ಕಳು ಮಲಗುವ ಹೊತ್ತಿಗೆ. ಎದೆ ನಡುಗಿಸುವ ಸ್ಪೀಕರು, ಒಂದರ ಮೇಲೊಂದು ಸನ್ಮಾನ, ಮುಗಿಯದ ಭಾಷಣ, ಆಮೇಲೆ ಆರ್ಕೆಸ್ಟ್ರಾ. ಕಂಕುಳಲ್ಲಿ ಕೂಸಿರುವ ತಾಯಿ ಅಲ್ಲಿ ಹತ್ತು ನಿಮಿಷ ನಿಲ್ಲಬಲ್ಲಳೇ? ಕನ್ನಡ ಉಳಿಯಬೇಕಾದದ್ದು ಯಾರ ಬಾಯಲ್ಲಿ? ಆ ಕೂಸಿನ ಬಾಯಲ್ಲಿ ತಾನೇ?

ಈ ಸಲ ಒಂದು ಕೆಲಸ ಮಾಡಿ. ಬಾವುಟ ಹಾರಿಸಿದ ಮೇಲೆ ಬೆಳಗಿನ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ. ಕುಂಟೆಬಿಲ್ಲೆ, ಬುಗುರಿ, ಚೌಕಾಬಾರ ಆಡಿಸಿ. ಒಬ್ಬ ಅಜ್ಜಿಯನ್ನು ಕೂರಿಸಿ ಕಥೆ ಹೇಳಿಸಿ. ಕುಡಿಯುವ ನೀರಿಡಿ. ತಾಯಂದಿರು ಕೂತು ಹಾಲೂಡಿಸಲು ಮರೆ ಮಾಡಿದ ನೆರಳಿರಲಿ. ಇದಕ್ಕೆ ಆರ್ಕೆಸ್ಟ್ರಾದ ಕಾಲುಭಾಗ ಖರ್ಚೂ ಆಗುವುದಿಲ್ಲ.

ಪರಿಷೆ, ಜಾತ್ರೆ ನಡೆಸುವ ನಗರಾಡಳಿತದವರಿಗೂ ಇದೇ ಬೇಡಿಕೆ. ಶೌಚಾಲಯ, ನೀರು, ಕಳೆದುಹೋದ ಮಕ್ಕಳನ್ನು ಕೂರಿಸುವ ಒಂದು ಚಪ್ಪರ. ಇವಿದ್ದರೆ ಮನೆಮಂದಿ ಬರುತ್ತಾರೆ. ಶಾಲೆಯವರಿಗೂ ಕೇಳಿ. ದಸರೆ ರಜೆಯನ್ನು ನಾಲ್ಕೈದು ದಿನಕ್ಕೆ ಮೊಟಕು ಮಾಡುವ ಶಾಲೆ ನಿಮ್ಮ ಮಗುವಿನದಾದರೆ, ಪೋಷಕರ ಸಭೆಯಲ್ಲಿ ಎದ್ದು ನಿಂತು ಯಾಕೆ ಎಂದು ಕೇಳಿ. ಫೀಸು ಕಟ್ಟುವವರು ನೀವು, ಕೇಳುವ ಹಕ್ಕೂ ನಿಮ್ಮದು.

ಗೆಳೆಯರೇ, ಭಾಷೆಗಾಗಿ ಬೀದಿಗಿಳಿಯುವುದು ದೊಡ್ಡ ಕೆಲಸ. ಆದರೆ ಮನೆಯ ಮಗುವಿಗೆ ಬೀದಿ ತೋರಿಸದೆ ನಾವು ಎಷ್ಟು ಕೂಗಿದರೂ ಮುಂದಿನ ತಲೆಮಾರಿಗೆ ಆ ಕೂಗು ಅರ್ಥವಾಗುವುದಿಲ್ಲ. ಇದೇ ಭಾನುವಾರ ಕ್ಯಾಲೆಂಡರು ತೆಗೆದು ಕೂತುಕೊಳ್ಳಿ. ಮಾಲಿಗೆ ಒಂದು ಭಾನುವಾರ ಕೊಟ್ಟಿದ್ದರೆ ಪರಿಷೆಗೂ ಒಂದು ಕೊಡಿ, ಚನ್ನಪಟ್ಟಣಕ್ಕೂ ಒಂದು, ಊರಿಗೂ ಒಂದು ಕೊಡಿ. ಮಗುವಿಗೆ ಚಪ್ಪಲಿ ಹಾಕಿಸಿ, ಹೊರಡಿ.