ಉಳುಕಿದ ಕಾಲು

ಮಳೆಗಾಲವು ಬಂದಿತೆಂದರೆ ನಮ್ಮ ಹಿತ್ತಿಲ ಒಗೆಯುವ ಕಲ್ಲಿನ ಸುತ್ತಲೂ, ಬಾವಿಕಟ್ಟೆಯ ಮೇಲೂ, ದೇವಸ್ಥಾನದ ಮೆಟ್ಟಲುಗಳ ಮೇಲೂ ಪಾಚಿಯು ಹಬ್ಬಿಕೊಳ್ಳುವುದು. ಅದರ ಹಿಂದೆಯೇ ಮನೆಗೊಬ್ಬರಾದರೂ ಕಾಲು ಜಾರಿ, ಹರಡನ್ನು ಉಳುಕಿಸಿಕೊಂಡು, ಗೋಡೆಯನ್ನು ಹಿಡಿದು ಕುಂಟುತ್ತಿರುವುದು ಕಾಣಬರುವುದು. ಪಟ್ಟಣಗಳಲ್ಲಿ ಪಾಚಿಯ ಕೆಲಸವನ್ನು ಬಚ್ಚಲುಮನೆಯ ನುಣುಪಾದ ಟೈಲ್ಸುಗಳೂ, ಬೀದಿಯ ಪಕ್ಕದ ಎದ್ದುಹೋದ ಚಪ್ಪಡಿಗಳೂ ವರ್ಷವಿಡೀ ನಡೆಯಿಸುತ್ತಿರುವುವು. ಎರಡು ದಿನ ಜ್ವರ ಬಂದರೆ ವೈದ್ಯರಲ್ಲಿಗೆ ಓಡತಕ್ಕ ನಾವು, ಕಾಲು ಉಳುಕಿದಾಗ ಮಾತ್ರ "ಉಳುಕು ತಾನೆ, ನಾಲ್ಕು ದಿನಕ್ಕೆ ಹೋಗುತ್ತದೆ" ಎಂದು ಲಘುವಾಗಿ ನುಡಿದುಬಿಡುತ್ತೇವೆ. ನಾಲ್ಕು ದಿನಕ್ಕೆ ಹೋಗುವುದು ಯಾವುದು, ಹೋಗದೆ ಉಳಿಯುವುದು ಯಾವುದು ಎಂಬ ವಿಷಯವನ್ನು ಈ ತಿಂಗಳು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ನಮ್ಮ ಪೂರ್ವಿಕರು ಇದನ್ನು ಲಘುವೆಂದು ಎಣಿಸಿದವರಲ್ಲ. ಹರಡಿಗೆ ಸಂಸ್ಕೃತದಲ್ಲಿ ಗುಲ್ಫವೆಂದು ಹೆಸರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ 107 ಮರ್ಮಗಳನ್ನು ಹೇಳುವಾಗ, ಪಾದವೂ ಜಂಘೆಯೂ ಕೂಡುವ ಈ ಸಂಧಿಯನ್ನೂ ಸೇರಿಸಿದೆ. ಇದಕ್ಕೆ ಪೆಟ್ಟಾದರೆ ಪ್ರಾಣವು ಹೋಗದು; ಆದರೆ ನೋವು, ಕಾಲು ಬಿಗಿದುಕೊಳ್ಳುವುದು, ಕುಂಟು, ಇವು ಬರುವುವೆಂದು ಅಲ್ಲಿನ ಅಭಿಪ್ರಾಯ. ಅದೇ ಗ್ರಂಥದ ನಿದಾನಸ್ಥಾನದಲ್ಲಿ, ಹೆಜ್ಜೆಯನ್ನು ಓರೆಕೋರೆಯಾಗಿ ಇಟ್ಟುದರಿಂದ ಈ ಭಾಗದಲ್ಲಿ ಹುಟ್ಟುವ ನೋವಿಗೆ ವಾತಕಂಟಕವೆಂಬ ಪ್ರತ್ಯೇಕವಾದ ಹೆಸರೇ ಇದೆ. ಮುಳ್ಳು ಮುರಿದು ಒಳಗೆ ಉಳಿದರೆ ಹೇಗೆ ಇಂದಲ್ಲ ನಾಳೆ ಚುಚ್ಚುವುದೋ, ಹಾಗೆಯೇ ಸರಿಯಾಗಿ ವಾಸಿಮಾಡಿಕೊಳ್ಳದ ಉಳುಕೂ ಚುಚ್ಚುತ್ತಿರುವುದೆಂಬುದನ್ನು ಅನುಭವಿಸಿದವರು ಬಲ್ಲರು.

ಹರಡಿನ ರಚನೆಯನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುವುದು. ಮೊಣಕಾಲಿನ ಕೆಳಗಿನ ಎರಡು ಎಲುಬುಗಳೂ ಕೆಳಗಿಳಿದು, ತುದಿಯಲ್ಲಿ ಒಂದು ಕವಲಿನಂತೆ ನಿಂತಿರುವುವು. ಒಳಗಡೆಯೂ ಹೊರಗಡೆಯೂ ನಮ್ಮ ಕೈಗೆ ಸಿಕ್ಕುವ ಗಂಟುಗಳು ಈ ಎಲುಬುಗಳ ಕೊನೆಗಳೇ. ಆ ಕವಲಿನ ನಡುವೆ ಪಾದದ ಮೇಲಣ ಎಲುಬೊಂದು ಕುಳಿತು, ಬಾಗಿಲಿನ ಕೀಲಿನಂತೆ ಆಡುತ್ತಿರುವುದು. ಎಲುಬನ್ನು ಎಲುಬಿಗೆ ಬಿಗಿಯುವುದಕ್ಕೆ ನಾರಿನಂತಹ ಕಟ್ಟುಗಳಿವೆ, ಇವನ್ನು ಅಸ್ಥಿಬಂಧಗಳೆನ್ನುವರು. ಒಳಗಡೆಯ ಕಟ್ಟು ಅಗಲವಾಗಿಯೂ ಬಲವಾಗಿಯೂ ಇರುವುದು. ಹೊರಗಡೆಯಲ್ಲಿ ಮೂರು ಬಿಡಿಕಟ್ಟುಗಳಿದ್ದು, ಅವುಗಳಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲವಾದುದು. ಮೇಲಾಗಿ ಹೊರಗಿನ ಗಂಟು ಒಳಗಿನ ಗಂಟಿಗಿಂತ ಕೆಳಕ್ಕೆ ಇಳಿದಿರುವುದರಿಂದ ಪಾದವು ಹೊರಕ್ಕೆ ಮಗುಚುವುದು ಕಷ್ಟ, ಒಳಕ್ಕೆ ಮಗುಚುವುದು ಸುಲಭ. ಆದಕಾರಣವೇ ಹೆಚ್ಚಿನ ಉಳುಕುಗಳಲ್ಲಿ ಅಂಗಾಲು ಒಳಕ್ಕೆ ತಿರುಗಿ, ಹೊರಗಡೆಯ ಮುಂದಿನ ಕಟ್ಟು ಮೊದಲು ಜಗ್ಗುವುದು ಅಥವಾ ಹರಿಯುವುದು. ಎಳೆಗಳು ಜಗ್ಗಿದ್ದರೆ ಮೊದಲನೆಯ ತರಗತಿ, ಕೆಲವು ಹರಿದಿದ್ದರೆ ಎರಡನೆಯದು, ಕಟ್ಟೇ ಪೂರ್ತಿ ಹರಿದಿದ್ದರೆ ಮೂರನೆಯದು ಎಂದು ವೈದ್ಯರು ಹೇಳುವರು.

ಬಿದ್ದ ಕೂಡಲೆ ಮನೆಯವರೆಲ್ಲರೂ ಸುತ್ತ ಸೇರಿ ಕೇಳುವ ಪ್ರಶ್ನೆ ಒಂದೇ: ಎಲುಬು ಮುರಿದಿದೆಯೋ, ಇಲ್ಲವೋ? ಊತವನ್ನು ನೋಡಿ ಇದನ್ನು ನಿರ್ಣಯಿಸಲಾಗದು. ಬರಿಯ ಉಳುಕಿಗೂ ಕಾಲು ಕುಂಬಳಕಾಯಿಯಂತೆ ಊದಿಕೊಳ್ಳುವುದುಂಟು. ಕೆನಡಾ ದೇಶದ ಆಟವಾ ನಗರದಲ್ಲಿ ಸ್ಟೀಲ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ 1992ರಲ್ಲಿ ಇದಕ್ಕಾಗಿ ಕೆಲವು ಸರಳವಾದ ನಿಯಮಗಳನ್ನು ಪ್ರಕಟಿಸಿದರು. ಅವುಗಳ ಸಾರಾಂಶವಿದು. ಬಿದ್ದ ಕೂಡಲೂ, ವೈದ್ಯರು ಪರೀಕ್ಷಿಸುವಾಗಲೂ, ಕುಂಟುತ್ತಲಾದರೂ ನಾಲ್ಕು ಹೆಜ್ಜೆಯನ್ನು ಇಡಲಾರದೆ ಹೋದರೆ ಎಕ್ಸ್‌ರೇ ತೆಗೆಯಿಸಬೇಕು. ಒಳಗಿನ ಅಥವಾ ಹೊರಗಿನ ಗಂಟಿನ ತುದಿಯನ್ನಾಗಲಿ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರಿನವರೆಗೆ ಎಲುಬಿನ ಹಿಂದಿನ ಅಂಚನ್ನಾಗಲಿ ಒತ್ತಿದಾಗ ನೋವಾದರೂ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ನೇರದಲ್ಲಿ ಉಬ್ಬಿರುವ ಎಲುಬನ್ನಾಗಲಿ, ಒಳ ಅಂಚಿನ ನಡುವಣ ಎಲುಬನ್ನಾಗಲಿ ಒತ್ತಿದಾಗ ನೋವಾದರೂ ಹಾಗೆಯೇ. ಇವು ಯಾವುವೂ ಇಲ್ಲದಿದ್ದರೆ ಮುರಿದಿರುವ ಸಂಭವವು ಬಹಳ ಕಡಿಮೆ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನವು ಕುಂದಿದವರೂ, ಎಲುಬು ಸವೆದ ವೃದ್ಧರೂ, ತಮ್ಮ ನೋವನ್ನು ಹೇಳಲು ಬಾರದ ಮಕ್ಕಳೂ ಈ ಲೆಕ್ಕಕ್ಕೆ ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು. ಕಾಲು ಸೊಟ್ಟಗಾಗಿದ್ದರೆ, ಬೆರಳುಗಳು ತಣ್ಣಗಾಗಿ ಜೋಮು ಹಿಡಿದಿದ್ದರೆ, ಚರ್ಮವು ಒಡೆದು ಗಾಯವಾಗಿದ್ದರೆ ಒಂದು ಗಳಿಗೆಯೂ ತಡಮಾಡಕೂಡದು.

ಇನ್ನು ಮೊದಲ ಎರಡು ಮೂರು ದಿನಗಳ ಮಾತು. ಉಳುಕು ತೆಗೆಯುವೆವೆಂದು ಕಾಲನ್ನು ಎಳೆದು, ತಿರುಚಿ, ಎಣ್ಣೆ ಹಾಕಿ ತಿಕ್ಕುವ ಪದ್ಧತಿಯು ನಮ್ಮಲ್ಲಿ ಇನ್ನೂ ಇದೆ. ಒಳಗೆ ಎಲುಬು ಬಿರಿದಿದ್ದರೆ ಇದರಿಂದ ಬಿರುಕು ಮುರುಕಾಗಬಹುದು. ಬಿರಿಯದಿದ್ದರೂ ಹರಿದ ಎಳೆಗಳು ಇನ್ನಷ್ಟು ಹರಿಯುವುವು. ಉಪ್ಪು ಹುಣಿಸೆಹಣ್ಣನ್ನು ಕುದಿಸಿ ಬಿಸಿಬಿಸಿಯಾಗಿ ಪಟ್ಟು ಹಾಕುವುದೂ ಮೊದಲ ದಿನಗಳಲ್ಲಿ ಸಲ್ಲದು, ಏಕೆಂದರೆ ಶಾಖದಿಂದ ಊತವು ಹೆಚ್ಚುವುದು. ಸುಣ್ಣವನ್ನು ಬೆರೆಸಿದ ಲೇಪದಿಂದ ಚರ್ಮವು ಸುಡುವುದೂ ಉಂಟು. ನೋವನ್ನು ತಗ್ಗಿಸುವುದಕ್ಕೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬಹುದು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಬಾರದು. ಮಲಗಿದಾಗ ಕಾಲಿನ ಕೆಳಗೆ ಎರಡು ದಿಂಬುಗಳನ್ನಿಟ್ಟು ಪಾದವು ಎದೆಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಬೇಕು. ಬೆರಳುಗಳು ನೀಲಿಯಾದರೆ ಕೂಡಲೆ ಸಡಿಲಿಸಬೇಕು.

ವಿಶ್ರಾಂತಿಯ ವಿಷಯದಲ್ಲಿ ವೈದ್ಯರ ಅಭಿಪ್ರಾಯವೇ ಬದಲಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. 1978ರಲ್ಲಿ ಅಮೆರಿಕದ ಮರ್ಕಿನ್ ಎಂಬ ವೈದ್ಯರು ವಿಶ್ರಾಂತಿ, ಮಂಜುಗಡ್ಡೆ, ಒತ್ತುಕಟ್ಟು, ಕಾಲನ್ನು ಎತ್ತರಿಸುವುದು ಎಂಬ ನಾಲ್ಕನ್ನು ಒಂದು ಸೂತ್ರವಾಗಿ ಹೇಳಿದರು. ಅದು ಲೋಕವೆಲ್ಲ ಹರಡಿತು. ಬಹುಕಾಲದ ಮೇಲೆ ಅವರೇ, ಮಂಜುಗಡ್ಡೆಯನ್ನೂ ಪೂರ್ಣವಿಶ್ರಾಂತಿಯನ್ನೂ ಅತಿಯಾಗಿ ಮಾಡಿದರೆ ಗುಣವಾಗುವುದು ತಡವಾದೀತೆಂದು ತಿದ್ದಿಕೊಂಡರು. 2019ರಲ್ಲಿ ಕೆನಡಾದ ಇಬ್ಬರು ತಜ್ಞರು ಇದನ್ನೇ ಮುಂದುವರಿಸಿ, ಕೆಲವು ದಿನ ಮಾತ್ರ ಕಾಲನ್ನು ಕಾಪಾಡಿ, ಅನಂತರ ಸ್ವಲ್ಪಸ್ವಲ್ಪವಾಗಿ ಅದರ ಮೇಲೆ ಭಾರವನ್ನು ಹೊರಿಸಬೇಕೆಂದು ಬರೆದರು. ಹರಿದ ನಾರು ಮತ್ತೆ ಬೆಳೆಯುವಾಗ ಅದಕ್ಕೆ ಮಿತವಾದ ಎಳೆತವು ಬೇಕು. ಎಳೆತವೇ ಇಲ್ಲದಿದ್ದರೆ ಹೊಸ ನಾರು ಅಡ್ಡಾದಿಡ್ಡಿಯಾಗಿ, ಬಲವಿಲ್ಲದೆ ಬೆಳೆಯುವುದು. ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪು, ಮೂರನೆಯ ದಿನವೇ ಪೇಟೆಗೆ ಹೊರಡುವುದೂ ತಪ್ಪು.

ನಡೆಯಲು ತೊಡಗುವಾಗ ಊರುಗೋಲನ್ನು ಹಿಡಿಯುವುದಕ್ಕೆ ನಾಚಬೇಕಾದುದಿಲ್ಲ. ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಬಹುಮಂದಿ ನೋವಿರುವ ಕಡೆಯಲ್ಲಿಯೇ ಹಿಡಿಯುವರು. ಅದರ ಹಿಡಿಯು ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಕುಳಿತಿರುವಾಗ ಮಾಡತಕ್ಕ ಅಭ್ಯಾಸವೊಂದುಂಟು. ಮೇಷ್ಟರಾಗಿದ್ದವನಿಗೆ ಇದು ಬಹಳ ಪ್ರಿಯವಾದುದು. ಕಾಲಿನ ಹೆಬ್ಬೆರಳನ್ನೇ ಬಳಪವೆಂದು ಭಾವಿಸಿ, ಗಾಳಿಯಲ್ಲಿ ವರ್ಣಮಾಲೆಯನ್ನು ಬರೆಯುವುದು. ನಮ್ಮ ಕನ್ನಡದ ಅಕ್ಷರಗಳು ದುಂಡಾದುವುಗಳಾದುದರಿಂದ ಅಕಾರದಿಂದ ಳಕಾರದವರೆಗೆ ಒಮ್ಮೆ ಬರೆದರೆ ಹರಡು ಎಲ್ಲ ದಿಕ್ಕಿಗೂ ಆಡಿರುವುದು. ನೋವು ತಡೆಯುವಷ್ಟರ ಮಟ್ಟಿಗೆ ದಿನಕ್ಕೆ ಎರಡು ಮೂರಾವರ್ತಿ ಇದನ್ನು ಮಾಡಬಹುದು.

ಸಾಮಾನ್ಯವಾದ ಉಳುಕು ಒಂದರಿಂದ ಮೂರು ವಾರಗಳಲ್ಲಿಯೂ, ನಡುತರದ್ದು ಮೂರರಿಂದ ಆರು ವಾರಗಳಲ್ಲಿಯೂ ತಹಬಂದಿಗೆ ಬರುವುದು. ಕಟ್ಟು ಪೂರ್ತಿ ಹರಿದಿದ್ದರೆ ತಿಂಗಳುಗಳೇ ಹಿಡಿಯುವುವು. ಆದರೆ ನೋವು ಅಡಗಿದುದು ಬೇರೆ, ಕಾಲು ವಾಸಿಯಾದುದು ಬೇರೆ. ಇದೇ ಈ ತಿಂಗಳ ಮುಖ್ಯವಾದ ಮಾತು.

ನಮ್ಮ ಬೀದಿಯ ಗೃಹಿಣಿಯೊಬ್ಬರ ಸಂಗತಿಯನ್ನು ಹೇಳುತ್ತೇನೆ. ಹಿತ್ತಿಲ ಕಲ್ಲಿನ ಬಳಿ ಜಾರಿ ಅವರ ಎಡಗಾಲು ಉಳುಕಿತು. ಎಲುಬೇನೂ ಮುರಿದಿರಲಿಲ್ಲ. ಮೂರನೆಯ ದಿನ ನಾನು ವಿಚಾರಿಸಲು ಹೋದಾಗ ಅವರು ಬ್ಯಾಂಡೇಜು ಸುತ್ತಿದ ಕಾಲಿನಲ್ಲಿಯೇ ಒಲೆಯ ಮುಂದೆ ನಿಂತು ಸಾರು ಕುದಿಸುತ್ತಿದ್ದರು. ಯಜಮಾನರು ಒಳಗೆ ಪತ್ರಿಕೆ ಓದುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಹೆಂಡತಿಯು ಎದ್ದು ಓಡಾಡುತ್ತಿರುವುದನ್ನು ಕಂಡು ಗುಣವಾಯಿತೆಂದೇ ನಂಬಿದ್ದರು. ಮೂರು ತಿಂಗಳ ಮೇಲೆ ಆಕೆ ಸಮನಾದ ಹಾದಿಯಲ್ಲಿಯೇ ನಡೆದುಹೋಗುತ್ತಿದ್ದಾಗ ಅದೇ ಕಾಲು ಮತ್ತೆ ಮಗುಚಿ, ಕೈಯೂರಿ ಬಿದ್ದು, ಮಣಿಕಟ್ಟನ್ನೂ ಮುರಿದುಕೊಂಡರು. ಆಗ ಅವರು ನನ್ನೊಡನೆ ಹೇಳಿದ ಮಾತನ್ನು ನಾನು ಮರೆತಿಲ್ಲ. "ನೋವೇನೂ ಇರಲಿಲ್ಲ ಮೇಷ್ಟ್ರೇ, ಆದರೆ ಆ ಕಾಲನ್ನು ನಂಬುವುದಕ್ಕೆ ಆಗುತ್ತಿರಲಿಲ್ಲ."

ಈ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ಕಣ್ಣು ಮುಚ್ಚಿದರೂ ನಮ್ಮ ಪಾದವು ಎತ್ತ ವಾಲಿದೆಯೆಂಬುದು ನಮಗೆ ತಿಳಿಯುವುದಷ್ಟೆ. ಆ ಅರಿವನ್ನು ಮಿದುಳಿಗೆ ಒಯ್ಯುವ ನರದ ಎಳೆಗಳು ಕೀಲಿನ ಕಟ್ಟುಗಳಲ್ಲಿಯೂ ಇವೆ. ಕಟ್ಟು ಹರಿಯುವಾಗ ಅವೂ ಹರಿಯುವುವೆಂದೂ, ಆಮೇಲೆ ಕಾಲು ಆಗಾಗ್ಗೆ ಕೈಕೊಡುವುದಕ್ಕೆ ಇದೇ ಕಾರಣವೆಂದೂ 1965ರಲ್ಲಿ ಲಂಡನ್ನಿನ ಶಸ್ತ್ರವೈದ್ಯರಾದ ಫ್ರೀಮನ್ ಎಂಬವರು ಪ್ರತಿಪಾದಿಸಿ, ಸಮತೋಲನದ ಅಭ್ಯಾಸದಿಂದ ಇದನ್ನು ತಗ್ಗಿಸಬಹುದೆಂದು ತೋರಿಸಿದರು. ಅನಂತರದ ಪರಿಶೋಧನೆಗಳಿಂದ ಬೇರೆ ಕಾರಣಗಳೂ ತಿಳಿದುಬಂದಿವೆ. ಆದರೆ ಅಭ್ಯಾಸವು ಮತ್ತೆ ಉಳುಕುವುದನ್ನು ಕಡಿಮೆಮಾಡುವುದೆಂಬ ಮಾತು ಮಾತ್ರ ನಿಂತಿದೆ. ಒಮ್ಮೆ ಉಳುಕಿದ ಕಾಲೇ ಮತ್ತೆ ಉಳುಕುವುದೆಂದು ಜನರು ಹೇಳುವುದು ನಿಜ. ಅದು ಹಣೆಯ ಬರೆಹವೆಂದು ತಿಳಿಯುವುದು ಮಾತ್ರ ನಿಜವಲ್ಲ.

ಆ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ. ನೋವಿಲ್ಲದೆ ನಿಲ್ಲುವಂತಾದ ಮೇಲೆ, ಗೋಡೆಯ ಪಕ್ಕದಲ್ಲಿ ಕೈಗೆ ಆಸರೆ ಸಿಕ್ಕುವಂತೆ ನಿಂತು, ಉಳುಕಿದ ಕಾಲೊಂದರ ಮೇಲೆಯೇ 30 ಸೆಕೆಂಡುಗಳ ಕಾಲ ನಿಲ್ಲುವುದು. ದಿನಕ್ಕೆ ಮೂರು ಸಲ. ಅದು ಸುಲಭವಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು. ಅನಂತರ ಎರಡು ಕಾಲುಗಳಲ್ಲಿಯೂ, ಕ್ರಮೇಣ ಒಂದೇ ಕಾಲಿನಲ್ಲಿಯೂ, ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಇದನ್ನು ಆರೆಂಟು ವಾರ ಬಿಡದೆ ನಡೆಸಬೇಕು. ಫಿಸಿಯೋಥೆರಪಿಯವರು ಹತ್ತಿರದಲ್ಲಿದ್ದರೆ ಒಮ್ಮೆ ಅವರಿಂದ ಕಲಿತುಕೊಳ್ಳುವುದು ಉತ್ತಮ. ವೃದ್ಧರೂ, ತಲೆ ಸುತ್ತುವವರೂ ಮತ್ತೊಬ್ಬರು ಬಳಿಯಲ್ಲಿ ಇಲ್ಲದೆ ಇದನ್ನು ಮಾಡಬಾರದು. ಎರಡು ಕಾಲುಗಳೂ ಸಮನಾಗಿ ನಿಲ್ಲುವಂತೆಯೂ, ಹಿಮ್ಮಡಿಯೆತ್ತುವ ಲೆಕ್ಕವು ಎರಡು ಕಡೆಯೂ ಒಂದೇ ಆಗುವಂತೆಯೂ ಆದಾಗ, ಕಾಲು ವಾಸಿಯಾಯಿತೆಂದು ಹೇಳಲು ತಕ್ಕಮಟ್ಟಿನ ಆಧಾರವುಂಟು.

ಮೇಲೆ ಹೇಳಿದ ಮನೆಯಲ್ಲಿ ಎರಡನೆಯ ಸಲ ಬೇರೆ ವ್ಯವಸ್ಥೆಯಾಯಿತು. ಯಜಮಾನರು ಅನ್ನ ಸಾರು ಮಾಡುವುದನ್ನು ಕಲಿತರು. ಮೊದಲ ವಾರದ ಸಾರನ್ನು ಕುರಿತು ನಾನು ಏನನ್ನೂ ಹೇಳಲಾರೆ. ಮಗನು ನೀರಿನ ಬಕೆಟ್ಟುಗಳನ್ನು ಹೊತ್ತನು. ತಾಯಿಯು ಒಂಟಿಕಾಲಿನಲ್ಲಿ ನಿಂತಾಗ ಗಡಿಯಾರವನ್ನು ನೋಡಿ ಎಣಿಸುವ ಕೆಲಸವೂ ಅವನದೇ. ಅಡಿಗೆಮನೆಗೆ ಒಂದು ಎತ್ತರದ ಸ್ಟೂಲು ಬಂದಿತು. ಕುಕ್ಕರಗಾಲಿನಲ್ಲಿ ಕೂರುವುದಕ್ಕೆ ಹರಡು ಬಹಳ ಮಡಚಬೇಕಾದುದರಿಂದ ಪಾಯಿಖಾನೆಗೆ ಕುರ್ಚಿಯನ್ನೂ ಹೊಂದಿಸಿದರು. ಹಿಮ್ಮಡಿಯ ಕಡೆ ಹಿಡಿತವಿಲ್ಲದ ಹವಾಯಿ ಚಪ್ಪಲಿಯು ಹೋಗಿ, ಹಿಂದೆ ಪಟ್ಟಿಯಿರುವುದು ಬಂದಿತು. ಹಿತ್ತಿಲ ಕಲ್ಲನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರು. ಈಗ ಎರಡು ಮಳೆಗಾಲಗಳು ಕಳೆದಿವೆ; ಆ ಕಾಲು ಮತ್ತೆ ಮಗುಚಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯ ಯಜಮಾನನ ಕಾಲು ಉಳುಕಿದರೆ ಮನೆಯೆಲ್ಲ ನಿಂತು ನೋಡಿಕೊಳ್ಳುವುದು. ಗೃಹಿಣಿಯ ಕಾಲು ಉಳುಕಿದರೆ ಆ ಕಾಲೇ ನಿಂತು ಮನೆಯೆಲ್ಲವನ್ನೂ ನೋಡಿಕೊಳ್ಳಬೇಕಾಗುವುದು. ಆಕೆಯು "ಈಗ ಪರವಾಗಿಲ್ಲ" ಎಂದ ಮಾತ್ರಕ್ಕೆ ಅದನ್ನು ಒಪ್ಪಿಕೊಳ್ಳದೆ, ಮೊದಲ ವಾರದಲ್ಲಿ ಕೆಲಸವನ್ನು ಹಂಚಿಕೊಂಡು, ಮುಂದಿನ ಆರೆಂಟು ವಾರಗಳ ಅಭ್ಯಾಸಕ್ಕೆ ದಿನವೂ ಹತ್ತು ನಿಮಿಷದ ಬಿಡುವು ದೊರಕುವಂತೆ ನೋಡಿಕೊಳ್ಳಿರಿ. ಈ ಮಳೆಗಾಲದಲ್ಲಿ ತಮ್ಮೆಲ್ಲರ ಹೆಜ್ಜೆಗಳೂ ಭದ್ರವಾಗಿರಲೆಂದು ಹಾರೈಸಿ ಈ ತಿಂಗಳ ಮಾತನ್ನು ಮುಗಿಸುತ್ತೇನೆ.