ಅಜ್ಜಿಯ ಹಾಡು, ಬೇರೆಯವರ ಬೀಗ

ದೋಹಾದಿಂದ ಮಾತಾಡ್ತಾ ಇದ್ದೇವೆ. ಇವತ್ತು ಜೀವಕೋಶಗಳಿಗೆ ರಜೆ, ಹಾಡಿನ ವಿಷಯ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಅಜ್ಜಿ ಹೇಳಿದ ಸೋಬಾನೆ ಪದಗಳನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು. ದುಡ್ಡು ಕೊಟ್ಟು ಕೊಂಡ ಒಂದು ತಂತ್ರಾಂಶದಲ್ಲಿ ಗದ್ದಲ ತೆಗೆದು, ಒಂದೊಂದೇ ಪದ ಜೋಡಿಸಿಟ್ಟೆವು. ಲ್ಯಾಪ್‌ಟಾಪ್ ಬದಲಾಯಿಸಿದ ಮೇಲೆ ಹಳೆಯ ಪರವಾನಗಿ ನಡೆಯಲಿಲ್ಲ, ಕಡತ ತೆರೆಯಲಿಲ್ಲ. ಮೂಲ ಧ್ವನಿ ಫೋನಿನಲ್ಲಿ ಉಳಿದಿತ್ತು, ಪುಣ್ಯ. ತಿಂಗಳುಗಟ್ಟಲೆ ಮಾಡಿದ ಕೆಲಸ ಹೋಯ್ತು. ಕೇಳಿ ತಿದ್ದಿಕೊಳ್ಳೋಣ ಅಂದ್ರೆ ಅಜ್ಜಿ ಈಗಿಲ್ಲ.

ಹಾಗಾಗಿ ಒಂದು ಶುಕ್ರವಾರ, ಇಲ್ಲಿನ ವಾರದ ರಜೆ, ಲಿನಕ್ಸ್‌ನಲ್ಲಿ 'ಆರ್ಡರ್' ಕಟ್ಟೋಕೆ ಕೂತೆವು. ಹೋಟೆಲಿನ ಆರ್ಡರ್ ಅಲ್ಲ, ಧ್ವನಿಮುದ್ರಣದ ಮುಕ್ತ ತಂತ್ರಾಂಶ. ಅದರ ತಾಣದಲ್ಲಿ ಸಿದ್ಧ ಪ್ರತಿಗೆ ಹಣ ಕೊಡಬೇಕು, ಸೋರ್ಸ್ ಕೋಡ್ ಮಾತ್ರ ಉಚಿತ. ಕೋಡ್ ಇಳಿಸಿಕೊಂಡು ಕಾನ್ಫಿಗರ್ ಮಾಡಿದರೆ, ಬೇಕಾದ ಲೈಬ್ರರಿಗಳು ಇವೆಯೋ ಇಲ್ಲವೋ ಅಂತ ಅದು ನೋಡುತ್ತೆ. ನಮ್ಮದು ಲಿಬ್‌ಸೌಂಡ್‌ಫೈಲ್ ಹತ್ತಿರ ನಿಂತಿತು. ವೇವ್, ಫ್ಲ್ಯಾಕ್ ಕಡತಗಳನ್ನು ಓದಿ ಬರೆಯುವ ಲೈಬ್ರರಿ ಅದು. ಕಂಪ್ಯೂಟರಿನಲ್ಲಿ ಇತ್ತು! ಆದರೆ ಕಂಪೈಲ್ ಮಾಡೋಕೆ ಅದರ ಹೆಡರ್ ಕಡತಗಳೂ ಬೇಕು. ಡೆಬಿಯನ್, ಉಬುಂಟುಗಳಲ್ಲಿ ಅವು 'ಡೆವ್' ಅನ್ನೋ ಬೇರೆ ಪ್ಯಾಕೇಜಿನಲ್ಲಿ ಇರುತ್ತವೆ. ಅದನ್ನು ಹಾಕಿದೆವು, ಮುಂದೆ ಇನ್ನೊಂದು ಕೇಳಿತು. ಸಂಜೆ ಹೊತ್ತಿಗೆ ಕಿಟಕಿ ತೆರೆದುಕೊಂಡಿತು.

"ಡೆಬಿಯನ್, ಫೆಡೋರಾದಲ್ಲಿ ಕಟ್ಟಿದ ಪ್ಯಾಕೇಜೇ ಪುಕ್ಕಟೆ ಸಿಗುತ್ತಲ್ಲ, ಈ ಉಸಾಬರಿ ಯಾಕೆ?" ಅಂತ ನೀವು ಕೇಳಬಹುದು. ನಿಜ, ದಿನಬಳಕೆಗೆ ಅದೇ ಸಾಕು. ಆದರೆ ಅದನ್ನೂ ಯಾರೋ ಇದೇ ಕೋಡಿನಿಂದಲೇ ಕಟ್ಟಿದ್ದಾರೆ. ವಿಧಾನ ಬರೆಯದೆ ಫಲಿತಾಂಶ ಮಾತ್ರ ಕೊಟ್ಟ ಸಂಶೋಧನಾ ಪ್ರಬಂಧವನ್ನ ನಾವು ಲ್ಯಾಬಿನಲ್ಲಿ ನಂಬೋದಿಲ್ಲ. ಮನೆಯ ಧ್ವನಿಗಳನ್ನ ಮಾತ್ರ ಅಂಥದೇ ಮುಚ್ಚಿದ ಪೆಟ್ಟಿಗೆಗೆ ಹಾಕಿಬಿಡ್ತೇವೆ.

ಕೋಡ್ ಇದ್ದ ಮಾತ್ರಕ್ಕೆ ಎಲ್ಲ ಉಳಿಯುತ್ತೆ ಅಂತಲ್ಲ. ಲೈಬ್ರರಿಗಳು ಬದಲಾಗ್ತವೆ, ಹಳೆಯ ಕೋಡನ್ನ ಹೊಸ ಕಂಪೈಲರ್ ಒಪ್ಪದೇ ಹೋಗಬಹುದು. ಅದಕ್ಕೇ ಕಡತದ ರೂಪವೂ ಮುಕ್ತವಾಗಿರಬೇಕು. ಆರ್ಡರ್ ತನ್ನ ಜೋಡಣೆಯ ವಿವರವನ್ನು ಎಕ್ಸ್‌ಎಂಎಲ್ ಪಠ್ಯವಾಗಿ ಬರೆದಿಡುತ್ತೆ. ಧ್ವನಿ ಬೇರೆ ಕಡತಗಳಲ್ಲಿ, ಸಾಮಾನ್ಯವಾಗಿ ವೇವ್ ರೂಪದಲ್ಲಿರುತ್ತೆ. ನಾಳೆ ಆರ್ಡರ್ ನಿಂತುಹೋದರೂ ಅವನ್ನು ಬೇರೆ ಕಡೆ ಕೇಳಬಹುದು.

ನಮ್ಮ ಅಭಿಪ್ರಾಯ ಇಷ್ಟೇ: ಕಟ್ಟೋಕೆ ಬಿಡುವಿಲ್ಲದಿದ್ದರೆ ಬೇಡ. ಆದರೆ ಮನೆ ಹಿರಿಯರ ಹಾಡಿನ ಒಂದು ವೇವ್ ಅಥವಾ ಫ್ಲ್ಯಾಕ್ ಪ್ರತಿಯನ್ನ ಈ ವಾರವೇ ತೆಗೆದಿಡಿ. ನಾವು ಮತ್ತೆ ಮೊದಲ ಪದದಿಂದ ಶುರು ಮಾಡಿದ್ದೇವೆ.